ಬೆಲ್ಟ್ ಗ್ರೈಂಡರ್ ಮೇಲೆ ಕೈಯಲ್ಲೇ ಹಿಡಿದು ಚಾಕು ಮಾಡುವುದು: ಕಾಲು ಎಲ್ಲಿಡಬೇಕು ಅನ್ನುವುದರಿಂದ ಶುರು

ನಮ್ಮ ಬಳ್ಳಾರಿ ಶೆಡ್ಡಿಗೆ ಸಿರುಗುಪ್ಪ ಕಡೆಯ ಒಬ್ಬ ಹುಡುಗ ಕೆಲಸ ಕಲಿಯಲು ಬರುತ್ತಾನೆ. ಮೂರನೇ ವಾರ ಅರ್ಧ ಆದ ಚಾಕು ತಂದು ನನ್ನ ಮುಂದೆ ಹಿಡಿದ.

"ಅಣ್ಣಾ, ಈ ಕಡಿಗೆ ಚೆಂದ ಬರ್ತದ, ಆ ಕಡಿಗೆ ಬರವಲ್ದು. ನನ್ನ ಎಡಗೈನೇ ಸರಿ ಇಲ್ಲೇನೋ."

"ಕೈ ಬಿಡು ತಮ್ಮಾ. ಆ ಕಡಿ ಮಾಡುವಾಗ ಕಾಲು ಎಲ್ಲಿಟ್ಟಿದ್ದಿ, ನಿಂತು ತೋರ್ಸು."

ನಿಂತು ತೋರಿಸಿದ. ಬಲಗಾಲು ಮುಂದೆ, ಸೊಂಟ ತಿರುಚಿಕೊಂಡು, ಎಡ ಮೊಣಕೈ ಗಾಳಿಯಲ್ಲಿ ತೇಲಾಡುತ್ತಿತ್ತು. ಹಾಗೆ ನಿಂತರೆ ನನಗೂ ಬರುವುದಿಲ್ಲ. ಯಾರಿಗೂ ಬರುವುದಿಲ್ಲ.

ಹೊಲದಲ್ಲಿ ಕೂರಿಗೆ ಹಿಡಿದವರನ್ನು ನೋಡಿದ್ದೀರಲ್ವಾ? ಅವರು ಸಾಲನ್ನು ಕೈಯಿಂದ ಎಳೆಯುವುದಿಲ್ಲ, ನಡೆದು ಎಳೆಯುತ್ತಾರೆ. ಕೈ ಸುಮ್ನೆ ಕೂರಿಗೆ ಮೇಲೆ ಭಾರ ಬಿಟ್ಟುಕೊಂಡು ಇರುತ್ತದೆ. ಮೈ ನೇರ ಹೋದರೆ ಸಾಲು ನೇರ. ಗ್ರೈಂಡರ್ ಮುಂದೆಯೂ ಹಾಗೇ. ಈ ಒಂದು ಮಾತು ಮೈಗೆ ಹತ್ತಲು ನನಗೆ ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ

ಬೆಲ್ಟ್ ಗ್ರೈಂಡರ್ ಅಂದರೆ ಮರಳು ಕಾಗದದಂಥ ಉಜ್ಜುವ ಬೆಲ್ಟ್ ಚಕ್ರಗಳ ಮೇಲೆ ಓಡುವ ಮಷಿನ್. ಚಾಕು ಮಾಡುವವರು ಜಾಸ್ತಿ ಬಳಸುವುದು 2 ಇಂಚು ಅಗಲ, 72 ಇಂಚು ಸುತ್ತಳತೆಯ ಬೆಲ್ಟ್. ಸಣ್ಣ ಮಷಿನ್ ಇದ್ದರೂ ವಿಧಾನ ಇದೇ, ಕೆಲಸ ನಿಧಾನ ಆಗುತ್ತದೆ ಅಷ್ಟೇ. ಬೆಲ್ಟಿನ ವೇಗ ಎಷ್ಟು ಅಂತ ಮಾತ್ರ ಒಮ್ಮೆ ಲೆಕ್ಕ ಹಾಕಿಕೊಳ್ಳಿ. ಮೋಟರಿನ ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ, ಅದನ್ನು ಮೋಟರಿನ ಆರ್‌ಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರಿಂದ ಗುಣಿಸಿ. ಚಕ್ರ 100 ಮಿ.ಮೀ., ಮೋಟರ್ 1440 ಆದರೆ ಬೆಲ್ಟ್ ನಿಮಿಷಕ್ಕೆ ಸುಮಾರು 450 ಮೀಟರ್ ಓಡುತ್ತದೆ. ಅದೇ ಚಕ್ರಕ್ಕೆ 2880ರ ಮೋಟರ್ ಹಾಕಿದರೆ 900. ಕಲಿಯುವವರಿಗೆ 450 ಸಾಕು. ವೇಗ ಕಡಿಮೆ ಇದ್ದರೆ ತಪ್ಪೂ ನಿಧಾನಕ್ಕೆ ಆಗುತ್ತದೆ, ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ವೇಗ ಬದಲಿಸುವ ವಿಎಫ್‌ಡಿ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ತ್ರೀ ಫೇಸ್ ಮೋಟರ್ ಓಡಿಸುವ ವಿಎಫ್‌ಡಿ ಸಿಗುತ್ತದೆ.

ಬೆಲ್ಟಿನ ಹಿಂದೆ ಒಂದು ಚಪ್ಪಟೆ ಉಕ್ಕಿನ ಹಲಗೆ ಇರುತ್ತದೆ, ಪ್ಲೇಟನ್ ಅಂತಾರೆ. ಅದರ ಮೇಲೆ ಮೂಲೆಮಟ್ಟದ ಅಂಚು ಇಟ್ಟು ಬೆಳಕಿಗೆ ಹಿಡಿದು ನೋಡಿ. ಹಳೆಯ ಹಲಗೆ ನಡುವೆ ಸವೆದು ತಗ್ಗಾಗಿರುತ್ತದೆ. ತಗ್ಗಾದ ಹಲಗೆಯ ಮೇಲೆ ಎಷ್ಟೇ ನಾಜೂಕಾಗಿ ಮಾಡಿದರೂ ಚಾಕು ಚಪ್ಪಟೆ ಬರುವುದಿಲ್ಲ. ಬೆಲ್ಟ್ ಹಾಕಿದ ಮೇಲೆ ಒಳಗಿನ ಬಾಣದ ಗುರುತು ಓಡುವ ದಿಕ್ಕಿಗೇ ಇದೆಯಾ ನೋಡಿ. ಮೊದಲು ಕೈಯಿಂದ ತಿರುಗಿಸಿ, ಬೆಲ್ಟ್ ಪಕ್ಕಕ್ಕೆ ಸರಿಯುವುದಿಲ್ಲ ಅಂತ ಗೊತ್ತಾದ ಮೇಲೇ ಸ್ವಿಚ್ ಒತ್ತಿ.

ಲುಂಗಿ, ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ, ಕೈಯ ದಾರ, ಬಳೆ, ಉಂಗುರ ಯಾವುದೂ ಬೇಡ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಬಟ್ಟೆಯ ಗ್ಲೌಸ್ ಹಾಕಬೇಡಿ, ಬೆಲ್ಟಿಗೆ ಸಿಕ್ಕರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಅದರ ಮೇಲೆ ಮುಖದ ಶೀಲ್ಡ್. ಮೂಗಿಗೆ ಕರವಸ್ತ್ರ ಕಟ್ಟಿದರೆ ನಡೆಯುವುದಿಲ್ಲ, ಕನಿಷ್ಠ ಎನ್95 ಮಾಸ್ಕ್ ಬೇಕು. ಉಕ್ಕಿನ ಪುಡಿ, ಬೆಲ್ಟಿನ ಪುಡಿ ಎರಡೂ ಪುಪ್ಪುಸದೊಳಗೆ ಹೋಗಿ ಕೂರುತ್ತವೆ. ಇವತ್ತು ಏನೂ ಗೊತ್ತಾಗುವುದಿಲ್ಲ, ಹತ್ತು ವರ್ಷ ಬಿಟ್ಟು ಗೊತ್ತಾಗುತ್ತದೆ.

ಬಳ್ಳಾರಿಯಲ್ಲಿ ಇರುವವರಿಗೆ ಇನ್ನೊಂದು ಮಾತು. ಇಲ್ಲಿ ಗಲ್ಲಿಗಲ್ಲಿಗೂ ಜೀನ್ಸ್ ಹೊಲಿಯುವ ಮನೆಗಳಿವೆ. ಗೋಡೆಯ ಆಚೆ ಬಟ್ಟೆ ಚೂರು, ಹತ್ತಿಯ ಧೂಳು ರಾಶಿ ಬಿದ್ದಿದ್ದರೆ ನಿಮ್ಮ ಕಿಡಿ ಆ ಕಡೆ ಹಾರಬಾರದು. ಮಷಿನಿನ ಕೆಳಗೆ, ಕಿಡಿ ಬೀಳುವ ಜಾಗದಲ್ಲಿ ಬಕೆಟ್ ನೀರಿಡಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಹೊಗೆ ವಾಸನೆ ಬರುತ್ತದಾ ನೋಡಿ. ಉಕ್ಕು ಉಜ್ಜುವ ಮಷಿನಿನಲ್ಲಿ ಅಲ್ಯೂಮಿನಿಯಂ ಉಜ್ಜಲೇಬಾರದು. ಅದರ ಪುಡಿ, ತುಕ್ಕಿನ ಪುಡಿ ಸೇರಿ ಕಿಡಿ ಬಿದ್ದರೆ ಆ ಬೆಂಕಿ ಆರಿಸುವುದು ಕಷ್ಟ. ಮತ್ತೆ ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ. ಆಫ್ ಮಾಡದೆ ಚಹಾಕ್ಕೆ ಹೋದರೆ, ಕರೆಂಟ್ ಬಂದಾಗ ಮಷಿನ್ ತಾನೇ ಓಡಲು ಶುರು ಮಾಡುತ್ತದೆ. ಕರೆಂಟ್ ಹೋದರೆ ತಾನೇ ಬಿಡುವ ಸ್ಟಾರ್ಟರ್ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಉಕ್ಕಿನ ಬಗ್ಗೆ. ಎಲ್ಲರೂ ಮೊದಲು ಗುಜರಿ ಅಂಗಡಿಗೆ ಹೋಗಿ ಲಾರಿಯ ಸ್ಪ್ರಿಂಗ್ ಪಟ್ಟಿ ತರುತ್ತಾರೆ. ಅದಿರಿನ ಲಾರಿ ಓಡುವ ಊರು, ಪಟ್ಟಿಗೆ ಬರ ಇಲ್ಲ. ಆದರೆ ಅದು ದಪ್ಪ, ಕುಲುಮೆಯಲ್ಲಿ ಬಡಿದು ತೆಳ್ಳಗೆ ಮಾಡಬೇಕು. ಭಾರ ಹೊತ್ತು ಹೊತ್ತು ಕಣ್ಣಿಗೆ ಕಾಣದ ಬಿರುಕೂ ಬಿಟ್ಟಿರಬಹುದು. ಅದನ್ನು ಆಮೇಲೆ ನೋಡಿಕೊಳ್ಳಿ. ಮೊದಲ ಹತ್ತು ಚಾಕುಗಳನ್ನು ಹಾರ್ಡ್‌ವೇರ್ ಅಂಗಡಿಯ ಎಂಎಸ್ (ಮೆತ್ತನೆಯ ಸಾದಾ ಉಕ್ಕು) ಪಟ್ಟಿಯಲ್ಲಿ ಮಾಡಿ, 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ಅದು ಚಾಕು ಆಗುವುದಿಲ್ಲ, ಬಾಯಿ (ಹರಿತದ ಅಂಚು) ನಿಲ್ಲುವುದಿಲ್ಲ. ಅದು ಮೈಗೆ ಪಾಠ. ಮೈ ಕಲಿತ ಮೇಲೆ ಒಳ್ಳೆಯ ಉಕ್ಕು ತನ್ನಿ.

ನಡುಗೆರೆ

ಚಾಕುವಿನ ಎರಡು ಮುಖಗಳೂ ಬೆನ್ನಿನಿಂದ ಇಳಿಯುತ್ತಾ ಬಂದು ಸರಿಯಾಗಿ ನಡುವೆ ಸೇರಬೇಕು. ಊರ ಹೊರಗೆ ಸಂಗನಕಲ್ಲು ಇದೆಯಲ್ಲಾ, ಅಲ್ಲಿಯ ಹಿರೇಗುಡ್ಡದಲ್ಲಿ ಮೂರೂವರೆ ಸಾವಿರ ವರ್ಷಗಳ ಹಿಂದೆ ಕಪ್ಪು ಡೋಲೆರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಕೊಡಲಿಯನ್ನು ಬಂಡೆಗೆ ಉಜ್ಜಿ ಉಜ್ಜಿ ಬಿದ್ದ ತಗ್ಗುಗಳು ಇನ್ನೂ ಇವೆ. ಒಂದರಲ್ಲಿ ಬೆರಳಾಡಿಸಿ ನೋಡಿದ್ದೇನೆ, ಸುತ್ತಲ ಬಂಡೆ ಒರಟು, ತಗ್ಗು ಮಾತ್ರ ಬಟ್ಟಲಿನ ಒಳಮೈಯಂತೆ ನುಣ್ಣಗೆ. ಅವರ ಕೊಡಲಿಯೂ ಹೀಗೇ, ಎರಡು ಮುಖ ನಡುವೆ ಬಂದು ಬಾಯಿ ಕೂಡುತ್ತದೆ. ಅವರು ಕಣ್ಣಳತೆಯಲ್ಲಿ ಮಾಡಿದರು. ನಮಗೆ ಗೆರೆ ಬೇಕು.

ಗೆರೆ ಹಾಕುವುದು ಸುಲಭ. ಬಾಯಿಯಾಗುವ ಅಂಚಿಗೆ ಕಪ್ಪು ಮಾರ್ಕರ್ ಬಳಿಯಿರಿ. ಒಂದು ಗಾಜಿನ ಮೇಲೆ ಪಟ್ಟಿಯನ್ನು ಮಲಗಿಸಿ. ಪಕ್ಕದಲ್ಲಿ 3.5 ಮಿ.ಮೀ. ಡ್ರಿಲ್ ಬಿಟ್ಟನ್ನೂ ಮಲಗಿಸಿ, ಅದರ ಮೊನೆಯಿಂದ ಅಂಚಿನ ಉದ್ದಕ್ಕೂ ಗೀರಿ. ಪಟ್ಟಿಯನ್ನು ಮಗುಚಿ ಇನ್ನೊಂದು ಸಲ ಗೀರಿ. ಬಿಟ್ಟಿನ ಮೊನೆ ಗಾಜಿನಿಂದ 1.75 ಮಿ.ಮೀ. ಎತ್ತರದಲ್ಲಿ ಇರುತ್ತದೆ. ಹಾಗಾಗಿ 3 ಮಿ.ಮೀ. ಪಟ್ಟಿಯ ನಡುವೆ ಎರಡು ಗೆರೆ ಬೀಳುತ್ತವೆ, ಅವುಗಳ ನಡುವೆ ಸರಿಯಾಗಿ ಅರ್ಧ ಮಿಲಿಮೀಟರ್. ಹದ ಕೊಡುವ, ಅಂದರೆ ಕೆಂಪಗೆ ಕಾಯಿಸಿ ಅದ್ದಿ ಗಟ್ಟಿ ಮಾಡುವ ಮುಂಚೆ ಬಾಯಿಯಲ್ಲಿ ಉಳಿಯಬೇಕಾದ ದಪ್ಪ ಅದೇ. ಅದಕ್ಕಿಂತ ತೆಳ್ಳಗೆ ಮಾಡಿ ಕುಲುಮೆಗೆ ಹಾಕಿದರೆ ಬಾಯಿ ಅಲೆಅಲೆಯಾಗಿ ಡೊಂಕಾಗುತ್ತದೆ, ಇಲ್ಲವೇ ಸೀಳುತ್ತದೆ.

ಈಗ ಒಂದು ಲೆಕ್ಕ ನೋಡಿ. ಪ್ರತಿ ಕಡೆ ತೆಗೆಯಬೇಕಾದ್ದು 1.25 ಮಿ.ಮೀ. ಮಾತ್ರ, ಅದೂ 40 ಮಿ.ಮೀ. ಅಗಲಕ್ಕೆ ಹಂಚಿಕೊಂಡು. ಕೋನ ಎರಡು ಡಿಗ್ರಿಯೂ ಆಗುವುದಿಲ್ಲ. ಅಷ್ಟು ಸಣ್ಣ ಕೋನವನ್ನು ಕಣ್ಣಿಂದ ಹಿಡಿಯಲು ಆಗುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಮೊದಲು ಹಳೆಯ 60 ನಂಬರ್ ಬೆಲ್ಟ್ ಹಾಕಿ (ನಂಬರ್ ಹೆಚ್ಚಾದಷ್ಟು ಬೆಲ್ಟಿನ ಹರಳು ನುಣ್ಣಗೆ). ಬಾಯಿಯ ಎರಡೂ ಮೂಲೆಗಳನ್ನು ಸುಮಾರು 45 ಡಿಗ್ರಿಗೆ ಹಿಡಿದು ಗೆರೆ ಮುಟ್ಟುವ ತನಕ ತೆಗೆಯಿರಿ. ಇದನ್ನು ಬಿಟ್ಟು ನೇರವಾಗಿ ಹೊಸ ಬೆಲ್ಟಿಗೆ ಚೂಪು ಮೂಲೆ ಕೊಟ್ಟರೆ ಹರಳುಗಳೆಲ್ಲ ಕಿತ್ತು ಹೋಗುತ್ತವೆ. ದುಡ್ಡು ಕೊಟ್ಟು ತಂದ ಬೆಲ್ಟ್ ಐದು ನಿಮಿಷದಲ್ಲಿ ಹಾಳು.

ನಿಲ್ಲುವುದು

ಆಸರೆಯ ಟೇಬಲ್ ಇದ್ದರೆ ಬಿಚ್ಚಿಡಿ. ಮಷಿನಿನ ಎದುರು ಕಾಲುಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ, ಮಂಡಿ ಸ್ವಲ್ಪ ಸಡಿಲ. ಎರಡೂ ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿಕೊಳ್ಳಿ. ಅಲ್ಲಿಂದ ಬಿಡಬೇಡಿ. ಬೇಕಿದ್ದರೆ ಕಂಕುಳಲ್ಲಿ ಮಡಚಿದ ಪೇಪರ್ ಇಟ್ಟುಕೊಳ್ಳಿ, ಬಿದ್ದರೆ ಮೊಣಕೈ ಎದ್ದಿತು ಅಂತ ಅರ್ಥ. ಆ ಹುಡುಗನಿಗೆ ನಾನು ವಾರವಿಡೀ ಪೇಪರ್ ಇಡಿಸಿದೆ.

ಹಿಡಿ ಬಲಗೈಯಲ್ಲಿ, ಬಾಯಿ ಮೇಲೆ, ಬೆನ್ನು ಕೆಳಗೆ, ಮೊನೆ ಎಡಕ್ಕೆ. ಎಡಗೈ ಹೆಬ್ಬೆರಳು ಅಲಗಿನ ಹಿಂಬದಿಗೆ, ಬೆಲ್ಟಿಗೆ ತಾಗುವ ಜಾಗದ ನೇರಕ್ಕೆ. ಬಾಯಿ ಇನ್ನೂ ಅರ್ಧ ಮಿಲಿಮೀಟರ್ ಮೊಂಡು ಇರುವುದರಿಂದ ಹೀಗೆ ಮೇಲ್ಮುಖ ಹಿಡಿಯಬಹುದು, ಕೆಲಸ ಕಣ್ಣೆದುರೇ ಕಾಣುತ್ತದೆ. ಹರಿತ ಆದ ಚಾಕುವನ್ನು ಮಾತ್ರ ಎಂದೂ ಹೀಗೆ ಹಿಡಿಯಬಾರದು. ಕೆಳಗಿಳಿಯುವ ಬೆಲ್ಟಿಗೆ ಬಾಯಿ ಕಚ್ಚಿಕೊಂಡರೆ ಬೆಲ್ಟ್ ಹರಿಯುತ್ತದೆ, ಚಾಕು ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಹಿಡಿಯ ಹತ್ತಿರ, ಇಳಿಜಾರು ಶುರುವಾಗುವ ಜಾಗವನ್ನು ಬೆಲ್ಟಿಗೆ ಮುಟ್ಟಿಸಿ. ಮೊದಲು ಮುಟ್ಟಿಸಿ, ಆಮೇಲೆ ಒತ್ತಿ. ಒತ್ತುತ್ತಲೇ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ತನ್ನಿ. ಸೊಂಟ ಬಲಕ್ಕೆ ಹೋದಂತೆ ಮೈ ಹೋಗುತ್ತದೆ, ಮೈ ಹೋದಂತೆ ಚಾಕು ಹೋಗುತ್ತದೆ. ಮೊನೆ ತನಕ ಒಂದೇ ವೇಗ, ಒಂದೇ ಒತ್ತಡ. ನಡುವೆ ನಿಂತರೆ ಅಲ್ಲೊಂದು ತಗ್ಗು ಬೀಳುತ್ತದೆ. ಆ ತಗ್ಗು ಹೋಗಿಸಲು ಇಡೀ ಅಲಗನ್ನು ಅಷ್ಟು ತೆಳ್ಳಗೆ ಮಾಡಬೇಕಾಗುತ್ತದೆ.

ಇನ್ನೊಂದು ಕಡೆಗೆ ಎಲ್ಲವೂ ತಿರುವುಮುರುವು. ಹಿಡಿ ಎಡಗೈಗೆ, ಒತ್ತುವುದು ಬಲ ಹೆಬ್ಬೆರಳು, ಭಾರ ಬಲಗಾಲಿನಿಂದ ಎಡಗಾಲಿಗೆ. ಇಲ್ಲಿಯೇ ಎಲ್ಲರೂ ತಪ್ಪುವುದು. ಕೈ ಬದಲಿಸುತ್ತಾರೆ, ಕಾಲು ಬದಲಿಸುವುದಿಲ್ಲ. ಎರಡನೇ ಕಡೆಗೆ ಬಂದಾಗ ಒಮ್ಮೆ ಮಷಿನಿನಿಂದ ಹಿಂದೆ ಸರಿದು, ಹೊಸದಾಗಿ ಬಂದು ನಿಲ್ಲಿ. ಮಷಿನ್ ಆಫ್ ಮಾಡಿ ಹತ್ತು ಸಲ ಸುಮ್ನೆ ತೂಗಿ ನೋಡಿ. ನನ್ನ ಕಣ್ಣಿಗೆ ಇದು ಅತ್ಯಂತ ಮುಖ್ಯ ಅಭ್ಯಾಸ, ಮತ್ತೆ ಯಾರೂ ಮಾಡದ ಅಭ್ಯಾಸವೂ ಇದೇ.

ಕೂರಿಸಿಕೊಂಡು ಒತ್ತುವುದು

ಹೊಸ 60 ನಂಬರ್ ಸಿರಾಮಿಕ್ ಬೆಲ್ಟ್ ಹಾಕಿ. ಈ ಬೆಲ್ಟಿಗೆ ಅಂಜಿ ಅಂಜಿ ಮುಟ್ಟಿಸಬಾರದು. ಒತ್ತಿದರೆ ಹರಳು ಒಡೆದು ಹೊಸ ಮೊನೆ ಬರುತ್ತದೆ, ಒತ್ತದಿದ್ದರೆ ಹೊಳಪು ಕಟ್ಟಿ ಮೊಂಡಾಗುತ್ತದೆ. 45 ಡಿಗ್ರಿಯ ಆ ಸಣ್ಣ ಅಂಚಿನಿಂದ ಶುರು ಮಾಡಿ, ಒಂದೊಂದು ಸಲಕ್ಕೆ ಬೆನ್ನನ್ನು ಬೆಲ್ಟಿನ ಕಡೆ ಕೂದಲೆಳೆಯಷ್ಟು ತನ್ನಿ. ಉಜ್ಜಿದ ಮುಖ ಬಾಯಿಯಿಂದ ಬೆನ್ನಿನ ಕಡೆ ಅಗಲವಾಗುತ್ತಾ ಹೋಗುತ್ತದೆ.

ಒಂದು ಬೆರಳಿನಷ್ಟು ಅಗಲದ ಮುಖ ಬಂದ ಮೇಲೆ ಕೆಲಸದ ರೀತಿ ಬದಲಾಗುತ್ತದೆ. ಚಾಕುವನ್ನು ಬೆಲ್ಟಿಗೆ ಹಗುರಾಗಿ ತಾಗಿಸಿ, ಸ್ವಲ್ಪ ಹಿಂದೆ ಮುಂದೆ ವಾಲಿಸಿ. ಬಾಯಿ ತಾಗುತ್ತದೆ, ಬೆನ್ನು ತಾಗುತ್ತದೆ, ನಡುವೆ ಒಂದು ಕ್ಷಣ ಇಡೀ ಮುಖ ಹಲಗೆಗೆ ಪಟ್ಟನೆ ಕೂರುತ್ತದೆ. ಹೊಸಿಲಿಗೆ ಬಾಗಿಲು ಕೂತಂತೆ. ಸದ್ದೂ ಬದಲಾಗುತ್ತದೆ, ಕಿರುಗುಟ್ಟುವುದು ನಿಂತು ದಪ್ಪ ಸದ್ದು ಬರುತ್ತದೆ. ಅದು ಕೂತ ಮೇಲೆ ಮಾತ್ರ ಒತ್ತಿ. ಕೂರುವ ಮುಂಚೆ ಒತ್ತಿದರೆ ಒಂದು ಮುಖದ ಮೇಲೆ ಎರಡು ಮೂರು ಮುಖ ಬೀಳುತ್ತವೆ.

ಕೂತ ಮೇಲೆ ಎಲ್ಲಿ ತೆಗೆಯಬೇಕು ಅನ್ನುವುದನ್ನು ಹೆಬ್ಬೆರಳು ಹೇಳುತ್ತದೆ. ಬೆನ್ನಿನ ಹತ್ತಿರ ಒತ್ತಿದರೆ ಬೆನ್ನಿನ ಕಡೆ ಸವೆಯುತ್ತದೆ, ಬಾಯಿಯ ಹತ್ತಿರ ಒತ್ತಿದರೆ ಬಾಯಿಯ ಕಡೆ. ಮಣಿಕಟ್ಟು ತಿರುಗಿಸಬೇಡಿ, ಹೆಬ್ಬೆರಳನ್ನು ಸರಿಸಿ ಸಾಕು.

ಒಂದೊಂದು ಎಳೆತಕ್ಕೂ ನೋಡಿ. ನಾಲ್ಕು ಎಳೆತ ಸೇರಿಸಿ ನೋಡುತ್ತೇನೆ ಅಂದರೆ ತಪ್ಪು ನಾಲ್ಕು ಪಟ್ಟು ಆಗಿರುತ್ತದೆ. ಬಾಗಿಲ ಬೆಳಕಿಗೆ ಚಾಕುವನ್ನು ಮಲಗಿಸಿ ಹಿಡಿದರೆ ಮುಖ ಎಲ್ಲಿ ಮುರಿದಿದೆ ಅಂತ ಕಾಣುತ್ತದೆ. ಒಂದು ಕಡೆ ಮೂರು ನಾಲ್ಕು ಎಳೆತ ಆದ ಮೇಲೆ ಇನ್ನೊಂದು ಕಡೆಗೆ ಬನ್ನಿ. ಒಂದೇ ಕಡೆ ಪೂರ್ತಿ ಮುಗಿಸಿದರೆ ಆ ಕಡೆ ಬಿಸಿಯಾಗಿ ಅಲಗು ಬಾಗುತ್ತದೆ.

ಇಳಿಜಾರು ಶುರುವಾಗುವ ಗೆರೆ ಎರಡೂ ಕಡೆ ಎದುರುಬದುರು ಬರಬೇಕು. ಮೂಲೆಮಟ್ಟ ಇಟ್ಟು ಎರಡೂ ಮುಖಕ್ಕೆ ಗೀರು ಹಾಕಿ, ಕೊನೆಯ ಎರಡು ಮಿಲಿಮೀಟರನ್ನು ನುಣ್ಣನೆಯ ಹರಳಿನ ಬೆಲ್ಟಿಗೆ ಉಳಿಸಿ. ಬೆಲ್ಟನ್ನು ಹಲಗೆಯ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಆಚೆಗೆ ಚಾಚುವಂತೆ ಸರಿಸಿಕೊಂಡರೆ ಆ ಮೂಲೆ ಕಡಿದಂತೆ ಬರುವುದಿಲ್ಲ, ದುಂಡಗೆ ಬರುತ್ತದೆ. ದುಂಡಗಿದ್ದರೆ ಹದ ಕೊಡುವಾಗ ಅಲ್ಲಿ ಬಿರುಕು ಬಿಡುವ ಭಯವೂ ಕಡಿಮೆ.

ಮೊನೆಯ ಕಡೆ ಬಾಯಿ ಬೆನ್ನಿನ ಕಡೆಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಬಂದಾಗ ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸಿ, ಬಾಯಿಯ ಆ ಭಾಗ ಯಾವಾಗಲೂ ಬೆಲ್ಟಿಗೆ ಅಡ್ಡವಾಗಿಯೇ ಇರಬೇಕು. ಮೊನೆ ಬೆಲ್ಟಿನ ನಡುವೆ ಬಂದ ತಕ್ಷಣ ಒತ್ತಡ ಬಿಟ್ಟುಬಿಡಿ. ಪೂರ್ತಿ ಆಚೆಗೆ ಎಳೆದರೆ ಮೊನೆ ಬೆಲ್ಟಿನ ಅಂಚಿಗೆ ಸಿಕ್ಕು ಮೊಂಡಾಗುತ್ತದೆ.

ಬಿಸಿ

ಪಕ್ಕದಲ್ಲಿ ನೀರಿನ ಡಬ್ಬ ಇರಲಿ. ಬರಿ ಬೆರಳಿಗೆ ಬಿಸಿ ತಾಗಿತು ಅಂದರೆ ಅದ್ದಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಶೆಡ್ಡಿನಲ್ಲಿಟ್ಟ ನೀರು ತಾನೇ ಬೆಚ್ಚಗಾಗಿರುತ್ತದೆ. ಆಗಾಗ ಬದಲಿಸಿ. ಇಲ್ಲಾಂದ್ರೆ ಬೆಳಿಗ್ಗೆ ಬೇಗ ಕೆಲಸ ಮುಗಿಸಿ, ನಾನು ಬೇಸಿಗೆಯಲ್ಲಿ ಹಾಗೇ ಮಾಡುತ್ತೇನೆ.

ಹದ ಕೊಡುವ ಮುಂಚೆ ಸ್ವಲ್ಪ ಬಿಸಿಯಾದರೆ ಉಕ್ಕಿನ ಗುಣ ಕೆಡುವುದಿಲ್ಲ. ಆಮೇಲೆ ಕೆಡುತ್ತದೆ. ಸ್ಪ್ರಿಂಗ್ ಉಕ್ಕಾದರೆ, ಆಯಸ್ಕಾಂತಕ್ಕೆ ಅಂಟುವುದು ನಿಂತ ಮೇಲೆ ಇನ್ನಷ್ಟು ಕೆಂಪೇರಿಸಿ ಎಣ್ಣೆಗೆ ಅದ್ದುತ್ತೇವೆ, ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಎರಡೆರಡು ಗಂಟೆ ಎರಡು ಸಲ ಕಾಯಿಸಿ ಟೆಂಪರ್ ಮಾಡುತ್ತೇವೆ. ಹೀಗೆ ಹದ ಆದ ಅಲಗು ಗ್ರೈಂಡರ್ ಮೇಲೆ 200 ದಾಟಿದರೆ ಮೆತ್ತಗಾಗಲು ಶುರು. ಉಕ್ಕು ತಾನೇ ಬಣ್ಣದಲ್ಲಿ ಹೇಳುತ್ತದೆ. ಸುಮಾರು 220ಕ್ಕೆ ಒಣಹುಲ್ಲಿನ ಬಣ್ಣ, 250 ದಾಟಿದರೆ ಕಂದು, 280ರ ಸುತ್ತ ನೇರಳೆ, 300ರ ಹತ್ತಿರ ನೀಲಿ.

ನಮ್ಮ ಅಕ್ಕನಿಗೆ ಮಾಡಿದ ಚಾಕುವಿನಲ್ಲಿ ನಾನು ಈ ತಪ್ಪು ಮಾಡಿದೆ. ಕೊನೆಯ ಎಳೆತ, ಬೆಲ್ಟ್ ಹಳೆಯದು, ಮೊನೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಬಣ್ಣ ಓಡಿತು. ಅಕ್ಕಿ ಕಾಳಿನಷ್ಟು ಜಾಗ. ಎಮರಿ ಪೇಪರಿನಿಂದ ಉಜ್ಜಿ ಬಣ್ಣ ತೆಗೆದು ಕೊಟ್ಟುಬಿಟ್ಟೆ. ಎರಡು ವಾರಕ್ಕೆ ಅಕ್ಕ ಕುಂಬಳಕಾಯಿ ಕೊಯ್ಯುವಾಗ ಮೊನೆ ಮಡಚಿಕೊಂಡಿತು. ಬಣ್ಣ ಹೋಗಿತ್ತು, ಮೆತ್ತಗಾದದ್ದು ಹಾಗೇ ಇತ್ತು. ಮೊನೆಯನ್ನು ಎಂಟು ಮಿಲಿಮೀಟರ್ ಹಿಂದಕ್ಕೆ ಕಡಿದು ಹೊಸದಾಗಿ ಸುತ್ತು ಕೊಟ್ಟ ಮೇಲೆ ಸರಿಹೋಯಿತು. ನೀಲಿ ಕಂಡರೆ ಅಷ್ಟು ಉಕ್ಕನ್ನು ತೆಗೆದೇ ಹಾಕಬೇಕು, ಬೇರೆ ದಾರಿ ಇಲ್ಲ.

ಅದಕ್ಕೇ ಹದ ಆದ ಮೇಲೆ ಹೊಸ ಬೆಲ್ಟನ್ನೇ ಹಾಕಿ. ಮೊಂಡು ಬೆಲ್ಟ್ ಕತ್ತರಿಸುವುದಿಲ್ಲ, ತಿಕ್ಕುತ್ತದೆ. ತಿಕ್ಕಿದರೆ ಬಿಸಿಯೇ ಜಾಸ್ತಿ. ವೇಗ ಅರ್ಧಕ್ಕೆ ಇಳಿಸಿ, ಪ್ರತಿ ಎಳೆತಕ್ಕೂ ನೀರು. ಮೊನೆ ತೆಳ್ಳಗಿರುವುದರಿಂದ ಬಿಸಿಗೆ ಹೋಗಲು ಜಾಗ ಇಲ್ಲ, ಅಲ್ಲಿ ಅರ್ಧ ಎಳೆತಕ್ಕೇ ಅದ್ದಿ. 120 ನಂಬರ್ ಬೆಲ್ಟಿನಲ್ಲಿ ಬಾಯಿಯನ್ನು 0.3 ಮಿ.ಮೀ. ತನಕ ಇಳಿಸಿ, ವರ್ನಿಯರ್ ಇಟ್ಟು ಅಳೆಯಿರಿ. ಬಾಯಿ ಹೀಗೆ ತೆಳ್ಳಗಾದ ಮೇಲೆ ಅಂಚನ್ನು ಬೆಲ್ಟಿಗೆ ನೇರ ಎದುರು ಕೊಡಬೇಡಿ, ಮುಖ ಪೂರ್ತಿ ಹಲಗೆಗೆ ಕೂತಿರಬೇಕು. ಆಮೇಲೆ 220. ನಂಬರ್ ಬದಲಿಸುವ ಮುಂಚೆ ಇಡೀ ಮುಖಕ್ಕೆ ಮಾರ್ಕರ್ ಬಳಿದರೆ ಹಳೆಯ ಗೀರುಗಳಲ್ಲಿ ಕಪ್ಪು ಉಳಿಯುತ್ತದೆ. ಕಪ್ಪು ಪೂರ್ತಿ ಹೋಗದೆ ಮುಂದಿನ ನಂಬರಿಗೆ ಹೋಗಬೇಡಿ. ಕೊನೆಗೆ ಗಟ್ಟಿ ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ, ಹಿಡಿಯಿಂದ ಮೊನೆಗೆ ಉದ್ದುದ್ದ ಕೈಯಲ್ಲೇ ಉಜ್ಜಿ, 400 ನಂಬರ್ ಸಾಕು.

ಆರ್ಡರ್ ತೆಗೆದುಕೊಳ್ಳುವವರು 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನೂ ಗಮನದಲ್ಲಿ ಇಟ್ಟುಕೊಳ್ಳಿ. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತದೆ. ಅಡುಗೆಮನೆ, ಹೊಲದ ಕೆಲಸಕ್ಕೆ ಮಾಡಿದ್ದಕ್ಕೆ ವಿನಾಯಿತಿ ಇದೆ. ಈಳಿಗೆ, ಕುಡುಗೋಲು, ತರಕಾರಿ ಚಾಕು ಧೈರ್ಯವಾಗಿ ಮಾಡಿ. ಕಠಾರಿ ಮಾಡಿಕೊಡು ಅಂತ ಬಂದವರನ್ನು ನಾನು ಬಾಗಿಲಲ್ಲೇ ಕಳಿಸುತ್ತೇನೆ.

ಬಾಯಿ ಕೊಡುವುದು ಕಡೆಯ ಕೆಲಸ. ನಾನು ಇದನ್ನು ಮಷಿನಿನಲ್ಲಿ ಮಾಡುವುದಿಲ್ಲ, ಸಾಣೆಕಲ್ಲಿನ ಮೇಲೆ ಕೂತು ಮಾಡುತ್ತೇನೆ. ಅಡುಗೆ ಚಾಕುವಿಗೆ ಪ್ರತಿ ಕಡೆ ಸುಮಾರು 15 ಡಿಗ್ರಿ. ಬೆಲ್ಟಿನಲ್ಲೇ ಮಾಡುವವರು ಬಾಯಿ ಕೆಳಮುಖ ಇಟ್ಟು, ಬೆಲ್ಟ್ ಬೆನ್ನಿನಿಂದ ಬಾಯಿಯ ಕಡೆ ಓಡುವಂತೆ ಹಿಡಿಯಬೇಕು. ಒಂದು ಕಡೆ ಮಸೆದಾಗ ಇನ್ನೊಂದು ಕಡೆ ಉಗುರಿಗೆ ಸಿಗುವಷ್ಟು ಸಣ್ಣ ಎಳೆ ಏಳುತ್ತದೆ. ಅದು ಹಿಡಿಯಿಂದ ಮೊನೆ ತನಕ ಪೂರ್ತಿ ಎದ್ದ ಮೇಲೇ ಕಡೆ ಬದಲಿಸಿ. ಆಮೇಲೆ ಹಳೆಯ ಚರ್ಮದ ಬೆಲ್ಟಿಗೆ ನಾಲ್ಕು ಸಲ ಎಳೆದರೆ ಆ ಎಳೆ ಬಿದ್ದುಹೋಗುತ್ತದೆ. ಒತ್ತದೆ ಎಳೆದರೂ ಟೊಮೆಟೊ ಸಿಪ್ಪೆಗೆ ಇಳಿಯಬೇಕು. ಇಳಿದರೆ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ.